ಪಕ್ಕಕ್ಕೆ ಸರಿಸಿದ ಬೆಳಕು

ಫೆಬ್ರವರಿ ೯

ಅಪ್ಪನಿಗೆ ಮಗಳ ನಮಸ್ಕಾರಗಳು.

ವರ್ಷಕ್ಕೊಂದು ಕಾರ್ಡು ಹಾಕುವವಳು ಇದ್ದಕ್ಕಿದ್ದಂತೆ ಇಷ್ಟು ದಪ್ಪ ಲಕೋಟೆ ಕಳಿಸಿದ್ದಾಳಲ್ಲ, ಏನು ಗ್ರಹಚಾರವೋ ಎಂದು ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಗಾಬರಿಯಾಗಿರುವುದು ನನಗೆ, ಅದೂ ನಾನೇ ತೆಗೆದ ಫೋಟೋಗಳನ್ನು ನೋಡಿ.

ನಮ್ಮ ಪುಟ್ಟ ಮಗಳು ಬಟಾಣಿ ಹುಟ್ಟಿದ ಮೇಲೆ ಟೈಪಿಸ್ಟ್ ಕೆಲಸ ಬಿಟ್ಟೆನಲ್ಲ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಈ ಬೀದಿಯಲ್ಲಿ ಒಂದೂ ಸ್ಟುಡಿಯೋ ಇಲ್ಲ. ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಜನರ ಮುಖದ ಫೋಟೋ ತೆಗೆದರೆ ಹೇಗೆ ಎಂದು ನಿಮ್ಮ ಅಳಿಯನನ್ನು ಕೇಳಿದೆ. ಅವರು ಮಿಲ್ಲಿನಲ್ಲಿ ಯಾರಿಂದಲೋ ಹಳೆಯ ಕ್ಯಾಮೆರಾವನ್ನೂ ಅದರ ನೆತ್ತಿಯ ಮೇಲೆ ಕೂರುವ ಫ್ಲ್ಯಾಶನ್ನೂ ತಂದುಕೊಟ್ಟರು. ಕಪ್ಪುಬಿಳುಪು ರೀಲು ಹಾಕಿ ಮೊದಲು ನಮ್ಮ ಅತ್ತೆಯನ್ನು ಕೂರಿಸಿದೆ. ಪ್ರಿಂಟು ಬಂದಾಗ ಅತ್ತೆ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ "ಯಾರಿದು, ಕಳ್ಳತನ ಮಾಡೋವಾಗ ಸಿಕ್ಕಿಹಾಕ್ಕೊಂಡವಳ ಹಾಗಿದ್ದಾಳಲ್ಲ" ಎಂದರು. ಅದು ಅವರೇ ಎಂದು ಹೇಳದೆ ಪ್ರಿಂಟನ್ನು ಲಕೋಟೆಗೆ ಸೇರಿಸಿಬಿಟ್ಟೆ. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬಂದಿದೆ. ಹಣೆ ಮಿಂಚುತ್ತಿದೆ, ಮೂಗು ಎಲ್ಲಿಗೋ ಹೋಗಿದೆ, ಬೆನ್ನ ಹಿಂದೆ ಗೋಡೆಗೆ ಕಪ್ಪು ನೆರಳು ಅಂಟಿಕೊಂಡಿದೆ.

ಬಟಾಣಿಯದೂ ಒಂದು ಇಟ್ಟಿದ್ದೇನೆ. ನೀವು ಅವಳನ್ನು ನೋಡಿದ್ದು ಹುಟ್ಟಿದಾಗ ಒಮ್ಮೆ ಮಾತ್ರ. ಈಗ ಓಡಾಡುತ್ತಾಳೆ, ಫ್ಲ್ಯಾಶ್ ಹೊಡೆದರೆ ಚಪ್ಪಾಳೆ ತಟ್ಟುತ್ತಾಳೆ. ಆದರೆ ಫೋಟೋದಲ್ಲಿ ಅವಳ ಕಣ್ಣು ನೋಡಿ, ದೆವ್ವದ ಮಗುವಿನ ಹಾಗೆ ಬೆಳ್ಳಗಾಗಿದೆ. ನೋಡಿದ ಕೂಡಲೇ ಎದೆ ಧಸಕ್ಕೆಂದಿತು.

ನಿಮ್ಮ ಸ್ಟುಡಿಯೋದಲ್ಲೇ ಬೆಳೆದರೂ ನನಗೆ ಬಂದ ವಿದ್ಯೆ ಒಂದೇ, ಒದ್ದೆ ಪ್ರಿಂಟುಗಳನ್ನು ದಾರಕ್ಕೆ ನೇತುಹಾಕುವುದು. ದೀಪದ ಹತ್ತಿರ ಬಂದಾಗೆಲ್ಲ "ಶಾಕ್ ಹೊಡೆಯುತ್ತೆ, ಆಚೆ ಹೋಗು" ಎನ್ನುತ್ತಿದ್ದಿರಿ. ನಿಮ್ಮ ಶಿಷ್ಯನಿಗೆ ಮಾತ್ರ ಯಾವತ್ತೂ ಶಾಕ್ ಹೊಡೆಯಲಿಲ್ಲ. ಇರಲಿ, ಅದನ್ನು ಕೆದಕಲು ಬರೆದದ್ದಲ್ಲ. ಎಲ್ಲಿ ತಪ್ಪಿದ್ದೇನೆ ಎಂದು ಹೇಳಿಕೊಡಿ.

ನಿಮ್ಮ ಮಗಳು


ಫೆಬ್ರವರಿ ೧೮

ಮಗಳಿಗೆ ಆಶೀರ್ವಾದಗಳು.

ಕಾಗದ ಬಂತು. ಪ್ರಿಂಟುಗಳ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ವಾಪಸು ಕಳಿಸಿದ್ದೇನೆ. ಇಲ್ಲಿ ಯಾರಿಗೆ ಕಲಿಸಿದರೂ ಹೀಗೆಯೇ. ಬೇಜಾರು ಮಾಡಿಕೊಳ್ಳಬೇಡ.

ಫ್ಲ್ಯಾಶನ್ನು ಕ್ಯಾಮೆರಾದ ತಲೆಯಿಂದ ಕೆಳಗಿಳಿಸು. ಬೇರೆ ಪಾಠವೆಲ್ಲ ಅದರ ಮೇಲೆ. ನೋಡುವವನ ಹಣೆಯಿಂದಲೇ ಬೆಳಕು ಹೊರಟರೆ ನೆರಳೆಲ್ಲ ಮುಖದ ಹಿಂದೆ ಹೋಗಿ ಅಡಗಿಕೊಳ್ಳುತ್ತದೆ. ನೆರಳಿಲ್ಲದ ಮುಖಕ್ಕೆ ಮೂಗೂ ಇಲ್ಲ, ಕೆನ್ನೆಯೂ ಇಲ್ಲ. ನಿಮ್ಮ ಅತ್ತೆಯವರದು ಒಳ್ಳೆಯ ಗಟ್ಟಿ ಮುಖ, ನೀನು ಅದನ್ನು ತಟ್ಟೆ ಮಾಡಿಟ್ಟಿದ್ದೀಯೆ.

ಕ್ಯಾಮೆರಾಕ್ಕೂ ಫ್ಲ್ಯಾಶಿಗೂ ನಡುವೆ ಹಾಕುವ ಉದ್ದದ ವಯರು ಸಿಗುತ್ತದೆ, ಅಂಗಡಿಯಲ್ಲಿ ಕೇಳು. ಫ್ಲ್ಯಾಶನ್ನು ಒಂದು ಸ್ಟ್ಯಾಂಡಿಗೆ ಕಟ್ಟಿ, ಕೂತವರ ನೇರ ಎದುರಿಗೂ ಅಲ್ಲದೆ ಪೂರಾ ಪಕ್ಕಕ್ಕೂ ಅಲ್ಲದೆ ಓರೆಯಾಗಿ ನಿಲ್ಲಿಸು. ಅವರ ತಲೆಗಿಂತ ಮೇಲಿರಲಿ, ಸ್ವಲ್ಪ ಕೆಳಕ್ಕೆ ಬಾಗಿರಲಿ. ಕುರ್ಚಿಯನ್ನು ಗೋಡೆಯಿಂದ ದೂರ ಎಳೆ, ಆಗ ಆ ಅಂಟಿಕೊಂಡ ನೆರಳು ಬಿಟ್ಟುಹೋಗುತ್ತದೆ. ಫ್ಲ್ಯಾಶು ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ, ನೆರಳು ಎಲ್ಲಿ ಬೀಳುತ್ತದೆಂದು ನಿನಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ಅದೇ ಜಾಗದಲ್ಲಿ ಮೇಜಿನ ದೀಪ ಹಿಡಿದು ನೋಡಿಕೋ.

ಇನ್ನು ಮಗುವಿನ ಕಣ್ಣು. ಫ್ಲ್ಯಾಶು ಲೆನ್ಸಿಗೆ ಅಂಟಿಕೊಂಡಿದ್ದರೆ ಬೆಳಕು ನೇರ ಕಣ್ಣಿನೊಳಗೆ ನುಗ್ಗಿ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಕಪ್ಪಗಿರಬೇಕಾದ ಪಾಪೆ ಅದಕ್ಕೇ ಬೆಳ್ಳಗಾಗುವುದು. ಇದನ್ನು ಕಂಡು ಕಂಡು ನನ್ನ ಕೂದಲು ನರೆತಿದೆ. ಎಡಗಣ್ಣು ಪೂರಾ ಬಿಳಿ, ಬಲಗಣ್ಣು ಬರೀ ಬೂದಿ. ಮಗು ತಲೆ ವಾಲಿಸಿರಬೇಕು. ಎರಡಕ್ಕೂ ಸುತ್ತು ಹಾಕಿ "ಫ್ಲ್ಯಾಶಿನ ದೋಷ" ಎಂದು ಬರೆದಿದ್ದೇನೆ. ಫ್ಲ್ಯಾಶು ಸರಿಸು, ದೋಷ ತಾನೇ ಹೋಗುತ್ತದೆ.

ಮಗು ನಿನ್ನಮ್ಮನ ಹಾಗೆ ಗಲ್ಲ ಮುಂದಕ್ಕೆ ಚಾಚಿಕೊಂಡಿದೆ.

ಅಪ್ಪ


ಮಾರ್ಚ್ ೧೧

ಅಪ್ಪನಿಗೆ ನಮಸ್ಕಾರ.

ನಿಮ್ಮ ಕೆಂಪು ಪೆನ್ಸಿಲ್ ನೋಡಿ ನಿಮ್ಮ ಅಳಿಯ "ಪರೀಕ್ಷೆಯಲ್ಲಿ ಫೇಲಾದ ಹಾಗಿದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೇ ಮಿಲ್ಲಿನಿಂದ ಪೈಪಿನ ತುಂಡುಗಳನ್ನು ತಂದು, ಹಳೆಯ ಎಣ್ಣೆ ಡಬ್ಬದಲ್ಲಿ ಸಿಮೆಂಟು ತುಂಬಿ ಅದರಲ್ಲಿ ನಿಲ್ಲಿಸಿ ಸ್ಟ್ಯಾಂಡು ಮಾಡಿಕೊಟ್ಟರು. ಅದನ್ನು ಒಬ್ಬರೇ ಅಲ್ಲಾಡಿಸಲಾಗುವುದಿಲ್ಲ.

ಮೊದಲ ರೀಲು ಪೂರಾ ದಂಡ. ಫ್ಲ್ಯಾಶನ್ನು ಸ್ಟೂಲಿನ ಮೇಲೆ ಕೆಳಗಿಟ್ಟುಬಿಟ್ಟಿದ್ದೆ. ಗಲ್ಲದ ಕೆಳಗಿನಿಂದ ಬೆಳಕು ಬಿದ್ದು ಅತ್ತೆ ಈ ಸಲ ಕಳ್ಳಿಯಿಂದ ಕೊಲೆಗಾತಿಯಾಗಿದ್ದರು. ಮಾರನೆಯ ವಾರ ಮೇಜಿನ ದೀಪ ಹಿಡಿದುಕೊಂಡು ಕುರ್ಚಿಯ ಸುತ್ತ ನಿಧಾನಕ್ಕೆ ಸುತ್ತಿದೆ. ಅಪ್ಪ, ಒಂದು ಜಾಗಕ್ಕೆ ಬಂದಾಗ ಅತ್ತೆಯ ಮುಖ ಇದ್ದಕ್ಕಿದ್ದಂತೆ ಎದ್ದು ಬಂತು. ಕೆನ್ನೆಯ ಗುಳಿ, ಹುಬ್ಬಿನ ನಡುವಿನ ಗೆರೆ, ಮೂಗಿನ ಸಣ್ಣ ಸೊಟ್ಟ, ಎಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇವರನ್ನು ನಾನು ನೋಡಿಯೇ ಇರಲಿಲ್ಲವಲ್ಲ ಎಂದು ದೀಪ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. "ಕೈ ಸುಟ್ಕೊಳ್ತೀಯ" ಎಂದು ಅವರೇ ಗದರಬೇಕಾಯಿತು.

ಬಟಾಣಿಯ ಹೊಸ ಫೋಟೋ ಇಟ್ಟಿದ್ದೇನೆ. ಕಣ್ಣು ನೋಡಿ, ಎರಡೂ ಕಪ್ಪಗೆ, ಒಂದೊಂದು ಬೆಳಕಿನ ಚುಕ್ಕೆಯೊಂದಿಗೆ. ದೋಷ ಹೋಯಿತು. ನಾನು ಅದನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದೆ. ಅತ್ತೆ ಮಾತ್ರ ತಮ್ಮದೇ ಹಾಡು ಹಾಡುತ್ತಾರೆ. ಸಂಜೆ ಒಳಗಿನಿಂದ ದೀಪ ಬಿದ್ದಾಗ ಇವಳ ಕಣ್ಣು ಒಂದೊಂದು ಸಲ ಬೆಕ್ಕಿನ ಕಣ್ಣಿನ ಹಾಗೆ ಫಳ್ಳೆನ್ನುತ್ತದಂತೆ. ಅವರಿಗೆ ಕನ್ನಡಕ ಬದಲಿಸಬೇಕು ಎಂದು ನಾವಿಬ್ಬರೂ ತಮಾಷೆ ಮಾಡಿದೆವು.

ನಿಮ್ಮ ಮಗಳು


ಮಾರ್ಚ್ ೨೦

ಮಗಳಿಗೆ ಆಶೀರ್ವಾದ.

ನಿಮ್ಮ ಅತ್ತೆಯವರ ಫೋಟೋಕ್ಕೆ ಪೆನ್ಸಿಲ್ ಮುಟ್ಟಿಸಲಿಲ್ಲ. ಶಿಷ್ಯನಿಗೂ ತೋರಿಸಿದೆ, ಅವನು ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಎರಡೆರಡು ಸಲ ನೋಡಿದ. ಆ ನೋಟದ ಅರ್ಥ ನನಗೆ ಗೊತ್ತು.

ಈಗ ನೆರಳಿನ ಅಂಚು ಗರಗಸದ ಹಾಗಿದೆ. ಫ್ಲ್ಯಾಶಿನ ಮುಂದೆ ಬಿಳಿಯ ಬೆಡ್‌ಶೀಟನ್ನು ಬಿಗಿಯಾಗಿ ಕಟ್ಟಿ, ಆ ಬಟ್ಟೆಯನ್ನು ಕೂತವರ ಹತ್ತಿರಕ್ಕೆ ತಾ. ಬೆಳಕಿನ ಮೈ ಹರವಾದಷ್ಟೂ, ಹತ್ತಿರವಾದಷ್ಟೂ ನೆರಳು ಮೆತ್ತಗಾಗುತ್ತದೆ. ಬಟ್ಟೆ ಬೆಳಕನ್ನು ಕುಡಿಯುತ್ತದೆ, ಲೆನ್ಸನ್ನು ಇನ್ನಷ್ಟು ತೆರೆ. ಮುಖದ ಇನ್ನೊಂದು ಬದಿ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ರಟ್ಟು ನಿಲ್ಲಿಸು, ಸಾಕು. ಎರಡನೆಯ ಫ್ಲ್ಯಾಶಿಗೆ ಆಸೆಪಡಬೇಡ. ಒಂದನ್ನು ಪಳಗಿಸುವುದಕ್ಕೇ ಒಂದು ಜನ್ಮ ಬೇಕು.

ಮಗುವಿನ ಫೋಟೋ ನನ್ನ ಮೇಜಿನ ಗಾಜಿನ ಕೆಳಗಿದೆ. ಇನ್ನೂ ಇದ್ದರೆ ಕಳಿಸು.

ಅಪ್ಪ


ಏಪ್ರಿಲ್ ೧೪

ಅಪ್ಪನಿಗೆ ನಮಸ್ಕಾರ.

ಬಾಗಿಲಿಗೆ ಬೋರ್ಡು ಹಾಕಿದ್ದೇವೆ. ಪಕ್ಕದ ಮನೆಯ ಟೈಲರಮ್ಮ ಮೊದಲ ಗಿರಾಕಿ. ಫೋಟೋ ನೋಡಿ "ನಾನು ಇಷ್ಟು ಚೆನ್ನಾಗಿದ್ದೀನಾ" ಎಂದು ನನ್ನನ್ನೇ ದಬಾಯಿಸಿದರು. ನಿಮ್ಮ ಬೆಡ್‌ಶೀಟಿನ ಮಹಿಮೆ ಎಂದೆ.

ಜೊತೆಗೆ ಒಂದು ಬಣ್ಣದ ಫೋಟೋ ಇಟ್ಟಿದ್ದೇನೆ, ನೋಡಿ ಬೈಯಬೇಡಿ, ತೆಗೆದದ್ದು ನಾನಲ್ಲ. ಮಿಲ್ಲಿನವರ ಊಟಕ್ಕೆ ಹೋಗಿದ್ದಾಗ ನಿಮ್ಮ ಅಳಿಯ ಯಾರೋ ಕೊಟ್ಟ ಬಣ್ಣದ ರೀಲು ಹಾಕಿ, ಫ್ಲ್ಯಾಶನ್ನು ಮತ್ತೆ ಕ್ಯಾಮೆರಾದ ನೆತ್ತಿಗೇ ಕೂರಿಸಿ ತೆಗೆದರು. ಬಟಾಣಿ ನೇರ ಕ್ಯಾಮೆರಾವನ್ನೇ ನೋಡಿ ನಕ್ಕಿದ್ದಾಳೆ. ನಗು ಎಷ್ಟು ಚೆನ್ನಾಗಿ ಬಂದಿದೆ, ಕಣ್ಣು ಮಾತ್ರ ಮತ್ತೆ ಅದೇ ಕಥೆ. ಒಂದು ಕೆಂಪು, ಒಂದು ಬಿಳಿ. ಬಣ್ಣದ ರೀಲಿನಲ್ಲಿ ದೋಷವೂ ಬಣ್ಣಬಣ್ಣವಾಗಿ ಬರುತ್ತದೇನೋ. ಇದು ನಗುವಿಗಾಗಿ ಕಳಿಸಿದ್ದು, ಪೆನ್ಸಿಲ್ ತೆಗೆಯಬೇಡಿ.

ನಿಮ್ಮ ಮಗಳು


ತಂತಿ, ಏಪ್ರಿಲ್ ೧೯

ಮಗುವಿನ ಎಡಗಣ್ಣು ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸು. ನಾಳೆಗೆ ಬಿಡಬೇಡ. ಕಾಗದ ಬರುತ್ತಿದೆ. ಅಪ್ಪ


ಏಪ್ರಿಲ್ ೧೯

ಮಗಳೇ,

ತಂತಿ ಸಿಕ್ಕಿ, ನೀನು ಆಸ್ಪತ್ರೆಗೆ ಹೋಗಿ ಬಂದ ಮೇಲೆಯೇ ಈ ಕಾಗದ ತಲುಪುತ್ತದೆ. ಆದರೂ ಬರೆಯುತ್ತಿದ್ದೇನೆ. ಸುಮ್ಮನೆ ಕೂತಿರಲು ನನ್ನಿಂದ ಆಗುತ್ತಿಲ್ಲ.

ಬೆಳಿಗ್ಗೆ ನಿನ್ನ ಲಕೋಟೆ ಬಂತು. ಬಣ್ಣದ ಫೋಟೋ ನೋಡಿ ಮೊದಲು ನಾನೂ ನಕ್ಕೆ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಒಂದೇ ಫ್ಲ್ಯಾಶು, ಒಂದೇ ಗಳಿಗೆ, ಎರಡೂ ಕಣ್ಣು ನೇರ ಲೆನ್ಸನ್ನೇ ನೋಡುತ್ತಿವೆ. ತಲೆ ಒಂಚೂರೂ ವಾಲಿಲ್ಲ. ಹಾಗಿದ್ದರೆ ಎರಡೂ ಕೆಂಪಾಗಬೇಕು. ಕಣ್ಣಿನ ಹಿಂಭಾಗದ ರಕ್ತದ ಬಣ್ಣ ಅದು. ಒಂದರಲ್ಲಿ ಕೆಂಪಿದ್ದು ಇನ್ನೊಂದರಲ್ಲಿ ಬಿಳಿ ಬಂದರೆ, ಆ ಬಿಳಿ ಫ್ಲ್ಯಾಶಿನದಲ್ಲ, ಕಣ್ಣಿನೊಳಗಿನದು.

ನಾನು ಕಪ್ಪುಬಿಳುಪಿನವನು. ನನ್ನ ಇಡೀ ಆಯುಸ್ಸಿನಲ್ಲಿ ಕೆಂಪು ಎನ್ನುವುದು ಪ್ರಿಂಟಿನ ಮೇಲೆ ಬೂದಿಯಾಗಿಯೇ ಬಂದಿದೆ. ಪಾಪೆ ಬೂದಿಯಾದರೂ ದೋಷ, ಬಿಳಿಯಾದರೂ ದೋಷ, ಶಾಯಿ ಹಚ್ಚಿ ಕಪ್ಪು ಮಾಡಿ ಕೊಡುವುದೇ ನಮ್ಮ ಪದ್ಧತಿ. ನಿನ್ನ ಮೊದಲ ಫೋಟೋದಲ್ಲಿ ಒಂದು ಬೂದಿ, ಒಂದು ಬಿಳಿ ಇದ್ದದ್ದನ್ನು ನಾನು ನೋಡಿದ್ದೆ. ನೋಡಿ, ಎರಡನ್ನೂ ಒಂದೇ ಎಂದುಕೊಂಡೆ.

ಫೋಟೋ ಹಿಡಿದುಕೊಂಡು ಬೀದಿಯ ಕೊನೆಯ ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ನನಗೆ ಕನ್ನಡಕ ಕೊಟ್ಟ ಅದೇ ಡಾಕ್ಟರಮ್ಮ. ಅವರು ಬೇರೆಯವರನ್ನು ನೋಡುತ್ತಿದ್ದರು. ಕೈಗೆ ಫೋಟೋ ಕೊಟ್ಟೆ. ಅವರು ಕುರ್ಚಿಯಿಂದ ಎದ್ದು ನಿಂತರು. "ಈ ಮಗು ಎಲ್ಲಿದೆ?" ಎಂದು ಕೇಳಿದರು. ಮಗಳ ಊರಿನಲ್ಲಿ ಎಂದೆ, ಈಗಲೇ ತಂತಿ ಕೊಡಿ ಎಂದರು. ತಂತಿ ಆಫೀಸಿನಲ್ಲಿ ಫಾರಂ ತಪ್ಪು ತಪ್ಪಾಗಿ ತುಂಬಿದೆ, ಕೊನೆಗೆ ಅಲ್ಲಿನ ಗುಮಾಸ್ತರೇ ಬರೆದುಕೊಂಡರು.

ಏನೂ ಇಲ್ಲ ಎಂದು ನೀನು ಬರೆದರೆ ನಿನ್ನ ಹತ್ತಿರ ಎಷ್ಟು ಬೇಕಾದರೂ ಬೈಸಿಕೊಳ್ಳುತ್ತೇನೆ.

ಅಪ್ಪ


ಏಪ್ರಿಲ್ ೨೪

ಅಪ್ಪ,

ತಂತಿ ಬಂದಾಗ ನಾನು ಟೈಲರಮ್ಮನ ಅಕ್ಕನ ಫೋಟೋ ತೆಗೆಯುತ್ತಿದ್ದೆ. ಓದಿದೆ. ಅರ್ಥವಾಗಲಿಲ್ಲ, ಮತ್ತೆ ಓದಿದೆ. ಆಮೇಲೆ ಕ್ಯಾಮೆರಾ ಕುರ್ಚಿಯ ಮೇಲಿಟ್ಟು, ಬಟಾಣಿಯನ್ನು ಎತ್ತಿಕೊಂಡು, ಚಪ್ಪಲಿ ಕೂಡ ಹಾಕಿಕೊಳ್ಳದೆ ಬಸ್ಸು ಹತ್ತಿದೆ. ಬಾಗಿಲು ಹಾಕಿದವರು ಯಾರೋ ನನಗೆ ಗೊತ್ತಿಲ್ಲ.

ಡಾಕ್ಟರು ಮೊದಲು ಏನೂ ಯಂತ್ರ ಮುಟ್ಟಲಿಲ್ಲ. ಬಟಾಣಿಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಅವಳು ಅವರ ಪೆನ್ನು ಕಿತ್ತುಕೊಂಡು ಆಟವಾಡಿದಳು. ಆಮೇಲೆ ಬಲಗಣ್ಣನ್ನು ಮುಚ್ಚಿದರು. ಅವಳು ಕಿಟಾರನೆ ಕಿರುಚಿ, ಅವರ ಕೈಯನ್ನು ಪರಚಿ ತಳ್ಳಿ, "ಅಮ್ಮಾ" ಎಂದು ಗಾಳಿಯಲ್ಲಿ ಕೈ ಆಡಿಸಿ ನನ್ನನ್ನು ಹುಡುಕಿದಳು. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ, ಅಪ್ಪ. ಅವಳ ಎದುರಿಗೇ ಬಗ್ಗಿ ನೋಡುತ್ತಿದ್ದೆ.

ಎಡಗಣ್ಣು ಅವಳಿಗೆ ಕಾಣುವುದೇ ಇಲ್ಲವಂತೆ. ಎಷ್ಟು ದಿನದಿಂದಲೋ ಯಾರಿಗೂ ಗೊತ್ತಿಲ್ಲ. ಒಂದೇ ಕಣ್ಣಿನಲ್ಲಿ ನಡೆದಳು, ಓಡಿದಳು, ನನ್ನ ಕ್ಯಾಮೆರಾ ನೋಡಿ ಚಪ್ಪಾಳೆ ತಟ್ಟಿದಳು.

ಔಷಧಿ ಹಾಕಿ ಪಾಪೆ ಅಗಲ ಮಾಡಿ ದೊಡ್ಡ ದೀಪದಲ್ಲಿ ನೋಡಿದರು. ಬೇರೆ ಡಾಕ್ಟರನ್ನೂ ಕರೆದರು. ಅವರವರೇ ಮಾತಾಡಿಕೊಂಡರು. ನಿಮ್ಮ ಅಳಿಯ ಮಿಲ್ಲಿನ ಎಣ್ಣೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಿದ್ದರು. ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಕಣ್ಣಿನೊಳಗೆ ಗಡ್ಡೆ ಬೆಳೆದಿದೆ, ಅದು ಕ್ಯಾನ್ಸರ್ ಎಂದರು. ಇಷ್ಟು ಸಣ್ಣ ಮಕ್ಕಳಿಗೆ ಬರುವಂಥದ್ದೇ ಒಂದು ಜಾತಿಯಂತೆ. ಕಣ್ಣು ಉಳಿಯುತ್ತದಾ ಎಂದು ಕೇಳಿದೆ. "ಕಣ್ಣಿನ ಮಾತು ಬಿಡಿ ತಾಯಿ, ಮಗೂನ ಉಳಿಸ್ಕೊಳ್ಳೋಣ" ಎಂದರು.

ಕಣ್ಣು ತೆಗೆಯುತ್ತಾರೆ, ಇನ್ನೇನು ಕೆಲವೇ ದಿನದಲ್ಲಿ. ನಾನು ಅಳುತ್ತಿಲ್ಲ. ಯಾಕೆ ಅಳು ಬರುತ್ತಿಲ್ಲ ಎಂದೂ ತಿಳಿಯುತ್ತಿಲ್ಲ. ಅತ್ತೆ ಮಾತ್ರ ಮೂಲೆಯಲ್ಲಿ ಕೂತು "ನಾನು ಹೇಳಿದ್ದೆ, ನಾನು ಹೇಳಿದ್ದೆ" ಎನ್ನುತ್ತಿದ್ದಾರೆ. ನಮ್ಮನ್ನು ಬೈಯುವುದಕ್ಕಲ್ಲ, ಬೇರೆ ಮಾತು ಬರುತ್ತಿಲ್ಲ ಅವರಿಗೆ.

ಬನ್ನಿ.

ಮಗಳು


ಮೇ ೨೧

ಮಗಳಿಗೆ ಆಶೀರ್ವಾದ.

ನಿಮ್ಮಲ್ಲಿಂದ ಹೊರಟು ಊರಿಗೆ ಕ್ಷೇಮವಾಗಿ ಬಂದು ತಲುಪಿದೆ. ರೈಲಿನಲ್ಲಿ ಎದುರು ಸೀಟಿನಲ್ಲಿ ಬಟಾಣಿಯ ವಯಸ್ಸಿನದೇ ಒಂದು ಮಗುವಿತ್ತು. ದಾರಿಯುದ್ದಕ್ಕೂ ನಾನು ಅದರ ಕಣ್ಣನ್ನೇ ನೋಡುತ್ತಿದ್ದೆನಂತೆ. ಅದರ ತಾಯಿ ಕೊನೆಗೆ ಸೀಟು ಬದಲಿಸಿದಳು.

ಕಣ್ಣು ತೆಗೆಯುವಾಗ ಕತ್ತರಿಸಿದ ನರದ ತುದಿಯಲ್ಲಿ ಗಡ್ಡೆಯ ಅಂಶ ಏನಾದರೂ ಉಳಿದಿದೆಯೇ ಎಂಬ ವರದಿ ಬಂದ ಕೂಡಲೇ ತಿಳಿಸು. ಅಳಿಯಂದಿರಿಗೆ ನಿದ್ದೆ ಮಾಡಲು ಹೇಳು. ಮಗುವಿನ ಕಟ್ಟು ಬದಲಿಸುವಾಗ ನೀನೇ ಹತ್ತಿರವಿರು.

ಅಪ್ಪ


ಮೇ ೩೦

ಅಪ್ಪ,

ವರದಿ ಇನ್ನೂ ಬಂದಿಲ್ಲ. ನಿಮ್ಮ ಕಾಗದ ಓದಿ ಸಿಟ್ಟು ಬಂತು. ಅದನ್ನು ನುಂಗಿಕೊಳ್ಳಲು ನೋಡಿದೆ, ಆಗಲಿಲ್ಲ.

ಅಷ್ಟು ದಿನ ಇಲ್ಲಿದ್ದಿರಿ. ಆಸ್ಪತ್ರೆಯ ಕಾರಿಡಾರಿನ ಬೆಂಚು ಬಿಟ್ಟು ಒಳಗೆ ಬರಲಿಲ್ಲ. ಟೀ ತಂದುಕೊಟ್ಟಿರಿ, ಔಷಧಿ ತಂದುಕೊಟ್ಟಿರಿ, ಕಟ್ಟು ಕಟ್ಟಿದ ಮಗುವನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಅವಳು "ತಾತ" ಎಂದು ಕೈ ಚಾಚಿದಾಗ ನೀವು ಕಿಟಕಿಯ ಕಡೆ ತಿರುಗಿದಿರಿ. ನಾನು ನೋಡಿದೆ. ಹೇಳಿಬಿಡುತ್ತೇನೆ ಕೇಳಿ. ನೀವು ಫ್ಲ್ಯಾಶು ಸರಿಸು ಎಂದಿರಿ, ಸರಿಸಿದೆ. ಬಿಳಿ ಮಾಯವಾಯಿತು. ಗಡ್ಡೆ ಒಳಗೆ ಬೆಳೆಯುತ್ತಿತ್ತು, ನಾನು ಹೊರಗೆ ಚೆಂದದ ಫೋಟೋ ತೆಗೆದು ಬೀದಿಗೆಲ್ಲ ತೋರಿಸಿದೆ. ಆ ಫೋಟೋವನ್ನು ಈಗ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೆ ಇನ್ನೂ ಜಾಸ್ತಿ. ಹಗಲೂ ರಾತ್ರಿ ಆ ಕಣ್ಣಿಗೆ ಮುತ್ತು ಕೊಡುತ್ತಿದ್ದವಳು ನಾನು. ನೀವು ದೂರದಲ್ಲಿ ಕೂತು ಕಾಗದದ ಮೇಲೆ ನೋಡಿದವರು.

ಬಲಗಣ್ಣಿಗೂ ಬರಬಹುದಂತೆ. ಅವಳು ಬೆಳೆಯುವವರೆಗೂ ಕಾಯುತ್ತಲೇ ಇರಬೇಕಂತೆ. ಇದನ್ನು ನಿಮಗೆ ಅಲ್ಲೇ ಹೇಳಲು ಬಂದಿದ್ದೆ, ನೀವು ಟೀ ತರಲು ಎದ್ದು ಹೋದಿರಿ.

ಮಗಳು


ಜೂನ್ ೭

ಮಗಳೇ,

ನೀನು ಬರೆದದ್ದೆಲ್ಲ ನಿಜ. ಎದ್ದು ಹೋದದ್ದೂ ನಿಜ.

ಮಗುವನ್ನು ಎತ್ತಿಕೊಳ್ಳಲಿಲ್ಲ ಎಂದು ಬರೆದೆಯಲ್ಲ. ಈ ಕೈಯಿಂದ ಸುತ್ತು ಹಾಕಿದ ಕಣ್ಣನ್ನು ಅವರು ಒಳಗೆ ತೆಗೆಯುತ್ತಿದ್ದರು. ಆ ಕೈಯಿಂದ ಅವಳನ್ನು ಹೇಗೆ ಮುಟ್ಟುವುದೆಂದು ನನಗೆ ಗೊತ್ತಾಗಲಿಲ್ಲ. ಇದಕ್ಕಿಂತ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. ದುಃಖವಾದರೆ ಅಳಬಹುದು. ನನಗೆ ಆಗಿರುವುದು ಅದಲ್ಲ, ಬೆಳಗಿನಿಂದ ಸಂಜೆಯವರೆಗೂ ಯಾರೋ ಈಗ ತಾನೇ ಬೆನ್ನ ಹಿಂದಿನಿಂದ ಕೂಗಿದ ಹಾಗಿದೆ. ಶಿಷ್ಯ ಬಂದು ಮಾತಾಡಿಸಿದರೂ ಬೆಚ್ಚಿಬೀಳುತ್ತೇನೆ.

ನಿನ್ನ ಸಿಟ್ಟು ಇರಲಿ, ಅದನ್ನು ನನ್ನ ಮೇಲೆಯೇ ಇಡು. ನಿನ್ನ ಮೇಲೆ ಹಾಕಿಕೊಳ್ಳಬೇಡ. ನೀನು ಆ ಫೋಟೋ ತೆಗೆಯದಿದ್ದರೆ, ನನಗೆ ಕಳಿಸದಿದ್ದರೆ, ಡಾಕ್ಟರಮ್ಮ ಹೇಳುತ್ತಾರೆ, ಇಷ್ಟು ಹೊತ್ತಿಗೆ ಗಡ್ಡೆ ತಲೆಗೆ ಏರಿರುತ್ತಿತ್ತಂತೆ. ನಾನು ಆ ಮಾತನ್ನು ಹಿಡಿದುಕೊಂಡು ಓಡಾಡುತ್ತಿದ್ದೇನೆ. ನೀನೂ ಹಿಡಿದುಕೋ.

ಇಲ್ಲಿ ನಾನು ಒಂದು ಕೆಲಸ ಮಾಡಿದೆ. ಯಾರಾದರೂ ಮಕ್ಕಳ ಬಣ್ಣದ ಫೋಟೋ ತಂದು ಕಣ್ಣಿಗೆ ಶಾಯಿ ಹಚ್ಚಿಕೊಡಿ ಎಂದರೆ, ಒಂದು ಕಣ್ಣು ಕೆಂಪು, ಇನ್ನೊಂದು ಬಿಳಿ ಇದೆಯೇ ಎಂದು ಮೊದಲು ನೋಡಬೇಕು, ಇದ್ದರೆ ಶಾಯಿ ಮುಟ್ಟದೆ ಡಾಕ್ಟರಮ್ಮನ ಹತ್ತಿರ ಕಳಿಸಬೇಕು ಎಂದು ಶಿಷ್ಯನಿಗೆ ಹೇಳಿದ್ದೇನೆ. ಗಿರಾಕಿಗಳು ನನ್ನನ್ನು ಹುಚ್ಚ ಎನ್ನುತ್ತಾರೆ, ಅನ್ನಲಿ.

ವರದಿ?

ಅಪ್ಪ


ಜುಲೈ ೨

ಅಪ್ಪ,

ವರದಿ ಬಂತು. ನರದ ತುದಿ ಶುದ್ಧವಾಗಿದೆ. ಗಡ್ಡೆ ಕಣ್ಣಿನೊಳಗೇ ಇತ್ತು, ದಾಟಿರಲಿಲ್ಲ. ಡಾಕ್ಟರು ಓದಿ ಹೇಳುತ್ತಿದ್ದ ಹಾಗೆಯೇ ನಿಮ್ಮ ಅಳಿಯ ಅವರ ಎದುರಿಗಿದ್ದ ನೀರಿನ ಲೋಟ ಎತ್ತಿ ಗಟಗಟ ಕುಡಿದುಬಿಟ್ಟರು. ಅದು ಡಾಕ್ಟರದ್ದು.

ನನಗೆ ಅಲ್ಲಿ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ಪಾತ್ರೆ ಕೆಳಗಿಟ್ಟೆ. ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತುಬಿಟ್ಟೆ. ಬಟಾಣಿ ಪಕ್ಕದಲ್ಲಿ ಬಂದು ಕೂತು, ಕಾರಣ ಗೊತ್ತಿಲ್ಲದೆ, ಜೊತೆಗಿರಲಿ ಎಂದು ತಾನೂ ಅತ್ತಳು.

ಕೃತಕ ಕಣ್ಣು ಹಾಕಿದ್ದಾರೆ. ಬಣ್ಣ ಎಷ್ಟು ಹೊಂದುತ್ತದೆ ಎಂದರೆ ಹೊಸಬರಿಗೆ ತಿಳಿಯುವುದೇ ಇಲ್ಲ. ಮೊನ್ನೆ ಅವಳು ಅದನ್ನು ಉಜ್ಜಿ ಉಜ್ಜಿ ಈಚೆ ತೆಗೆದು, ಬಟ್ಟೆಯ ಅಳತೆ ತೆಗೆಯುತ್ತಿದ್ದ ಟೈಲರಮ್ಮನ ಅಂಗೈಗೆ ಇಟ್ಟಳು, ಮಿಠಾಯಿ ಕೊಟ್ಟ ಹಾಗೆ. ಟೈಲರಮ್ಮ ಟೇಪು ಹಿಡಿದುಕೊಂಡೇ ಕುರ್ಚಿಗೆ ಒರಗಿದವರು ಏಳಲಿಲ್ಲ. ಮುಖಕ್ಕೆ ನೀರು ಹಾಕಬೇಕಾಯಿತು. ಅವತ್ತು ಎಷ್ಟೋ ದಿನಗಳ ಮೇಲೆ ಈ ಮನೆಯಲ್ಲಿ ನಗು ಕೇಳಿಸಿತು.

ಬೋರ್ಡು ಮತ್ತೆ ಹಾಕಿದ್ದೇನೆ. ಜನ ಬರುತ್ತಾರೆ. ನೀವೂ ಬನ್ನಿ. ಈ ಸಲ ಒಳಗೆ ಬನ್ನಿ.

ನಿಮ್ಮ ಮಗಳು


ಅಕ್ಟೋಬರ್ ೧೬

ಅಪ್ಪನಿಗೆ ನಮಸ್ಕಾರ.

ನೀವು ಬಂದುಹೋದ ಮೇಲೆ ಬಟಾಣಿ ಯಾರನ್ನು ಕಂಡರೂ ಹೆಗಲ ಮೇಲೆ ಕೂರಿಸು ಎನ್ನುತ್ತಾಳೆ. ಕೆಟ್ಟ ಅಭ್ಯಾಸ ಮಾಡಿಸಿ ಹೋಗಿದ್ದೀರಿ.

ಬಲಗಣ್ಣಿನ ಪರೀಕ್ಷೆಗೆ ಅವಳಿಗೆ ಅರಿವಳಿಕೆ ಕೊಡಬೇಕಲ್ಲ, ಅದಕ್ಕೇ ಡಾಕ್ಟರು ಕೆಲವು ತಿಂಗಳಿಗೊಮ್ಮೆ ಮಾತ್ರ ಕರೆಯುತ್ತಾರೆ. ನಡುವಿನ ದಿನಗಳನ್ನು ನಾನು ಹೇಗೆ ಕಳೆಯಲಿ? ಅವಳು ಬಾಗಿಲಿಗೆ ಎಡವಿದರೂ ಎದೆ ಬಾಯಿಗೆ ಬರುತ್ತದೆ. ಹೋದ ವಾರ ತಡೆಯಲಾಗಲಿಲ್ಲ. ಬಣ್ಣದ ರೀಲು ಹಾಕಿದೆ. ಸ್ಟ್ಯಾಂಡಿನಿಂದ ಫ್ಲ್ಯಾಶು ಬಿಚ್ಚಿ ಕ್ಯಾಮೆರಾದ ನೆತ್ತಿಗೆ ಕೂರಿಸಿದೆ. ಕೋಣೆ ಮಬ್ಬು ಮಾಡಿ, ಬಟಾಣಿಯನ್ನು ಎದುರಿಗೆ ಕೂರಿಸಿ, ನೇರ ಇಲ್ಲಿ ನೋಡು ಎಂದು ಹೊಡೆದೆ. ಡಾಕ್ಟರಿಗೆ ಇದನ್ನು ಹೇಳಿದಾಗ, ಇದನ್ನೇ ನಂಬಿಕೊಂಡು ಪರೀಕ್ಷೆ ತಪ್ಪಿಸಬೇಡಿ, ಆದರೆ ತೆಗೆಯುವುದನ್ನು ಬಿಡಬೇಡಿ ಎಂದರು.

ಪ್ರಿಂಟು ಬರುವವರೆಗೆ ಅನ್ನ ಇಳಿಯಲಿಲ್ಲ. ಅಂಗಡಿಗೆ ಹೋದಾಗ ಬಣ್ಣದ ಪ್ರಿಂಟು ಹಾಕುವ ಯಜಮಾನರು ಲಕೋಟೆ ಕೊಡದೆ ಕೈಯಲ್ಲೇ ಹಿಡಿದುಕೊಂಡು ತಲೆ ಅಲ್ಲಾಡಿಸಿದರು. "ಬೋರ್ಡು ಹಾಕ್ಕೊಂಡಿದ್ದೀರಿ, ಹೀಗೆ ತೆಗೆದರೆ ಹೇಗಮ್ಮ? ಫ್ಲ್ಯಾಶು ಪಕ್ಕಕ್ಕೆ ಸರಿಸಿ ತೆಗೀಬೇಕು. ನೋಡಿ, ಮಗು ಕಣ್ಣು ಎಷ್ಟು ಕೆಂಪಗೆ ಬಂದುಬಿಟ್ಟಿದೆ" ಎಂದರು.

ಇನ್ನೊಂದು ಸಲ ಹೇಳಿ ಎಂದೆ. ಅವರು ನನ್ನ ಮುಖ ನೋಡಿದರು, ಕಿವಿ ಕೇಳಿಸುವುದಿಲ್ಲವೇನೋ ಎಂದು ಗಟ್ಟಿಯಾಗಿ ಹೇಳಿದರು. ಕೆಂಪಗೆ ಬಂದಿದೆ, ಅಮ್ಮ, ಕೆಂಪಗೆ. ಬೇಕಾದರೆ ಸರಿಮಾಡಿ ಕೊಡುತ್ತೇನೆ ಎಂದೂ ಸೇರಿಸಿದರು. ಬೇಡ ಎಂದು ಲಕೋಟೆ ಕಿತ್ತುಕೊಂಡು ಬಂದೆ.

ಪ್ರಿಂಟು ಇದರೊಳಗಿದೆ. ನಾನು ತೆಗೆದದ್ದರಲ್ಲೇ ಅತ್ಯಂತ ಕೆಟ್ಟ ಫೋಟೋ. ಬಲಗಣ್ಣು ನೋಡಿ ಅಪ್ಪ.

ನಿಮ್ಮ ಮಗಳು